ನನ್ನ ತಂಗಿಯ ಗಾಯದ ವರದಿಯನ್ನು ಒಂಬತ್ತು ದಿನ ಓದದವರಿಗೆ

ಮಾನ್ಯ ಪ್ರಾಂತೀಯ ಆರೋಗ್ಯ ನಿರ್ದೇಶಕರೇ,

ಕಳೆದ ತಿಂಗಳು ನೀವು ಸಹಿ ಹಾಕಿ, ಯುಕಟಾನಿನ ನಮ್ಮ ಸೀಮೆಯ ಎಲ್ಲ ಚಿಕಿತ್ಸಾಲಯಗಳ ಬಾಗಿಲಿಗೂ ಅಂಟಿಸಿದ ಸುತ್ತೋಲೆಯಲ್ಲಿ "ನಲವತ್ತೊಂದು ವರ್ಷದ ದರ್ಜಿ ಮಹಿಳೆ" ಎಂದು ಹೆಸರಿಲ್ಲದೆ ಬರುವವಳು ನನ್ನ ತಂಗಿ. ಅವಳಿಗೆ ಹೆಸರಿದೆ: ಲಾಂಡಿ ಜೂಲ್ ಪೋಟ್. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಹಳ್ಳಿಯ ಜೇನು ಹಚ್ಚಿಕೊಂಡದ್ದರಿಂದ ಅವಳಿಗೆ ಔಷಧಕ್ಕೆ ಜಗ್ಗದ ಸೋಂಕು ತಗುಲಿತು ಎಂದು ಬರೆದಿದ್ದೀರಿ. ಅದು ಸುಳ್ಳು. ಆ ಸೋಂಕಿಗೆ ಯಾವ ಔಷಧ ನಾಟುತ್ತದೆ ಎಂದು ಹೇಳುವ ಕಾಗದ ನಿಮ್ಮದೇ ಆಸ್ಪತ್ರೆಯಲ್ಲಿ ಒಂಬತ್ತು ದಿನ ಬಿದ್ದಿತ್ತು, ಅದನ್ನು ಯಾರೂ ಓದಲಿಲ್ಲ. ಇದು ನಿಜ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಇಲಾಖೆಯಲ್ಲಿ ಕಾಗದಗಳನ್ನು ಕೊನೆಯವರೆಗೆ ಓದುವ ಪದ್ಧತಿ ಇದೆಯೋ ಇಲ್ಲವೋ ನನಗೆ ತಿಳಿಯದು.

ನಾನು ನಿಕೊಲಾಸಾ, ಐವತ್ತೆಂಟು ವರ್ಷದವಳು; ಊರವರು ಮರ್ಯಾದೆಗೆ ದೋನ್ಯಾ ಎನ್ನುತ್ತಾರೆ. ಮನೆಯ ಹಿಂದೆ ತಾಳೆಗರಿಯ ಚಪ್ಪರದಡಿ, ಟೊಳ್ಳು ಮರದ ದಿಮ್ಮಿಗಳಲ್ಲಿ ಮುಜಂಟಿ ಜೇನು ಸಾಕುತ್ತೇನೆ. ನನ್ನಮ್ಮ ಸಾಕಿದ್ದಳು, ಅವಳ ಅಮ್ಮನೂ ಸಾಕಿದ್ದಳು. ಚುಚ್ಚಲು ಮುಳ್ಳಿಲ್ಲದ ಈ ಪುಟ್ಟ ಹುಳುಗಳ ಜೇನು ನೀರಾಗಿ, ತುಸು ಹುಳಿಯಾಗಿ ಇರುತ್ತದೆ. ತರಚು ಗಾಯಕ್ಕೆ, ಸುಟ್ಟ ಬೆರಳಿಗೆ, ಹಾಸಿಗೆ ಹಿಡಿದವರ ಬೆನ್ನಹುಣ್ಣಿಗೆ ನಮ್ಮವರು ಅದನ್ನು ಹಚ್ಚುತ್ತಾರೆ. ಹೋದ ಗುರುವಾರದ ಸಂತೆಯಲ್ಲಿ ನಿಮ್ಮ ಇಬ್ಬರು ಸಿಬ್ಬಂದಿ ನನ್ನ ಮೇಜಿನ ಮುಂದೆ ನಿಂತು ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದರು.

"ಯಾಕಪ್ಪಾ, ಯಾರಿಗೇನಾಯ್ತು?" ಎಂದು ಕೇಳಿದೆ.

"ಆರ್ಡರ್ ಇದೆ, ದೋನ್ಯಾ. ಅದ್ಯಾರೋ ಟೈಲರಮ್ಮ ಅಂತೆ. ನಿಮ್ಮಂಥೋರ ಜೇನು ಹಚ್ಕೊಂಡು ಹೊಟ್ಟೆ ಕೊಳೀತಂತೆ."

ಆ ಟೈಲರಮ್ಮ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ. ಅವರ ಮಾತು ಅವಳಿಗೆ ಕೇಳಿಸಿರಲಿಲ್ಲ. ಯಾಕೆ ಕೇಳಿಸಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಲಾಂಡಿ ನಿಮ್ಮ ಆಸ್ಪತ್ರೆಗೆ ನಡೆದುಕೊಂಡೇ ಬಂದವಳು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಎಂದರು. ಆಯಿತು. ಮೂರನೆಯ ದಿನ ಮನೆಗೆ ಕಳಿಸಿದರು. ಏಳನೆಯ ದಿನ ಹೊಲಿಗೆಯ ಸುತ್ತ ಚರ್ಮ ಕೆಂಪಾಗಿ ಬಿಗಿಯಿತು, ಚಳಿಜ್ವರ ಬಂತು. ಜೇನು ಸಾಕುವ ಅಕ್ಕ ಆಗ ಏನು ಮಾಡಿದಳು ಗೊತ್ತೇ, ನಿರ್ದೇಶಕರೇ? ಜೇನಿನ ಬಾಟಲಿಗೆ ಕೈ ಹಾಕಲಿಲ್ಲ. ಪಕ್ಕದ ಮನೆಯವರ ಟ್ರಕ್ಕಿನಲ್ಲಿ ತಂಗಿಯನ್ನು ಮಲಗಿಸಿಕೊಂಡು ನಿಮ್ಮ ಆಸ್ಪತ್ರೆಯ ಬಾಗಿಲಿಗೇ ವಾಪಸು ತಂದಳು.

ಮರುದಿನ ಗಾಯದ ಕೀವನ್ನು ಹತ್ತಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ ಎಂದರು. ಅಲ್ಲಿಯವರೆಗೆ ಒಂದು ಆಂಟಿಬಯಾಟಿಕ್ ಹಾಕಿದರು. ಜ್ವರ ಇಳಿಯಲಿಲ್ಲ. ಎರಡನೆಯದು ಹಾಕಿದರು. ನಾಲ್ಕು ದಿನ ಕಳೆಯಿತು, ಐದಾಯಿತು, ಆರಾಯಿತು. ಮೂರನೆಯದು ಹಾಕಿದರು. ಅದೇ ಸಾಲಿನಲ್ಲಿ ಇನ್ನೂ ಮೂವರು ಹೆಂಗಸರು ಮಲಗಿದ್ದರು. ನಾಲ್ವರ ಗಾಯದಿಂದಲೂ ಒಂದೇ ಬಗೆಯ ವಾಸನೆ ಬರುತ್ತಿತ್ತು. ಆ ಮೂವರಲ್ಲಿ ಯಾರೂ ಜೇನು ಕಂಡವರಲ್ಲ; ಕಿಟಕಿ ಪಕ್ಕದ ಮಂಚದಾಕೆ ಶಾಲೆಯ ಶಿಕ್ಷಕಿ, ಹಳ್ಳಿ ಮದ್ದೆಂದರೆ ಮೂಗು ಮುರಿಯುವವರು. ವಾರ್ಡಿನ ನಲ್ಲಿಯಲ್ಲಿ ನೀರಿರಲಿಲ್ಲ. ಮೂಲೆಯಲ್ಲೊಂದು ಬಕೆಟ್ಟು, ಅದರಲ್ಲೊಂದು ತಂಬಿಗೆ. ಬ್ಯಾಂಡೇಜು ಬದಲಿಸುವ ಕೈ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುತ್ತಿತ್ತು. ನಾಲ್ವರಿಗೂ ಒಂದೇ ಸೋಂಕು ಹೇಗೆ ಬಂತು ಎಂದು ತಿಳಿಯಲು ಸುತ್ತೋಲೆ ಬೇಕೇ? ಆ ಬಕೆಟ್ಟಿನ ಮುಂದೆ ಅರ್ಧ ಗಂಟೆ ನಿಂತರೆ ಸಾಲದೇ?

ದಾದಿ ರೊಸಾವ್ರಾಳನ್ನು ನಾನು ದೂರುವುದಿಲ್ಲ. ಇಡೀ ವಾರ್ಡಿಗೆ ಅವಳೊಬ್ಬಳೇ. ಒಂದು ದಿನ ಅವಳು ನನ್ನನ್ನು ಕಾರಿಡಾರಿಗೆ ಕರೆದು ಮೆಲ್ಲಗೆ ಕೇಳಿದಳು:

"ದೋನ್ಯಾ ನಿಕೊ, ನಿಮ್ಮ ಜೇನು ತಂದಿದೀರಾ? ಹಚ್ಚಿಬಿಡಿ. ನಾನು ಆ ಕಡೆ ತಿರುಗಿರ್ತೀನಿ."

ಜೇನು ನನ್ನ ಚೀಲದಲ್ಲೇ ಇತ್ತು. ಹೊರತೆಗೆಯಲಿಲ್ಲ. ಒಳಗೆ ಹೋದರೆ ಲಾಂಡಿಯದೂ ಅದೇ ಹಟ.

"ಊರವರ ಕಾಲಿಗೆಲ್ಲ ಹಚ್ತೀಯ. ನನ್ನ ಹೊಟ್ಟೆಗೆ ಹಚ್ಚೋಕೆ ನಿಂಗೇನಕ್ಕಾ ಕಷ್ಟ?"

"ಮೇಲಿನ ಗಾಯಕ್ಕಾದ್ರೆ ಹಚ್ತಿದ್ದೆ ಕಣೇ. ನಿಂಗೆ ಒಳಗಡೆ ಕೀವಾಗಿದೆ, ರಕ್ತಕ್ಕೂ ಸೇರಿದೆ ಅಂತಿದಾರೆ. ಅಲ್ಲೀವರೆಗೆ ಇದು ತಲುಪಲ್ಲ."

"ಹಂಗಾದ್ರೆ ತಲುಪೋದನ್ನ ತಗೊಂಡ್ ಬಾ!" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಒಂದು ಸಲ ವಿಶ್ವವಿದ್ಯಾಲಯದವರು ನಮ್ಮ ಜೇನನ್ನು ಒಯ್ದು ಪರೀಕ್ಷಿಸಿದ್ದರು. ಗಾಜಿನ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ನಡುವೆ ಒಂದು ಹನಿ ಇಟ್ಟರೆ ಸುತ್ತ ಉಂಗುರದಂತೆ ಅವು ಸತ್ತು ಜಾಗ ಖಾಲಿಯಾಗಿತ್ತು. ನಾವು ಹಿಗ್ಗಿದೆವು. ಅವರು ಒಂದು ಮಾತು ಹೇಳಿಯೇ ಹೋದರು: ತಟ್ಟೆಯಲ್ಲಿ ಆದದ್ದೆಲ್ಲ ಮನುಷ್ಯನ ಮೈಯೊಳಗೆ ಆಗುವುದಿಲ್ಲ. ಆ ಮಾತನ್ನು ನಾನು ಮರೆತಿಲ್ಲ. ನಿರ್ದೇಶಕರೇ, ನನ್ನ ಔಷಧದ ಮಿತಿ ನನಗೆ ಗೊತ್ತಿದೆ. ನಿಮ್ಮ ಔಷಧದ ಮಿತಿ ನಿಮಗೆ ಗೊತ್ತಿದ್ದರೆ, ಅದನ್ನು ಹೇಳುವ ವರದಿಯನ್ನು ಯಾರಾದರೂ ಹುಡುಕುತ್ತಿದ್ದರಲ್ಲವೇ?

ಕೀವು ಪರೀಕ್ಷೆಗೆ ಹೋದ ಹದಿಮೂರನೆಯ ದಿನ ನಾನೇ ಹುಡುಕಿಕೊಂಡು ಹೋದೆ. ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಕಿಟಕಿಯಲ್ಲಿದ್ದ ಮನುಷ್ಯ ನೋಟ್‌ಬುಕ್ಕು ತಿರುವಿ ಹೇಳಿದ:

"ಪೋಟ್... ಕೀವಿನ ಪರೀಕ್ಷೆ ತಾನೆ? ಅದು ರೆಡಿಯಾಗಿ ಆಗ್ಲೇ ಒಂಬತ್ತು ದಿನ ಆಯ್ತಲ್ಲ."

"ವಾರ್ಡಿಗೆ ಯಾಕೆ ಕಳಿಸ್ಲಿಲ್ಲ?"

"ಮುಖ್ಯಸ್ಥರ ಸಹಿ ಆಗ್ಬೇಕು. ಅವ್ರು ರಜೆ. ವಾರ್ಡಿನೋರೂ ಬಂದು ಕೇಳ್ಲಿಲ್ಲ."

"ನಾನು ಕೇಳ್ತಿದೀನಲ್ಲಪ್ಪ."

"ನೀವು ವಾರ್ಡಿನೋರಲ್ಲ, ದೋನ್ಯಾ. ನಿಮಗೆ ಕೊಡೋ ಹಾಗಿಲ್ಲ."

ನಾನು ಮೆಟ್ಟಿಲು ಹತ್ತಿದೆ. ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ಕಾನುಲ್ ಅವರ ಕೈ ಹಿಡಿದೆ. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಬಿಡಲಿಲ್ಲ. "ಬನ್ನಿ ತಾಯಿ, ನಿಮ್ಮ ಹತ್ರ ಕೊಡ್ತಾರಂತೆ" ಎಂದು ಎಲ್ಲರೆದುರೂ ಕರೆದುಕೊಂಡೇ ಇಳಿದೆ. ಆಕೆ ಆ ಕಾಗದವನ್ನು ಕಿಟಕಿಯ ಮುಂದೆ ನಿಂತೇ ಓದಿದರು. ಹದಿನೇಳು ಔಷಧಗಳ ಪಟ್ಟಿ. ಅದರಲ್ಲಿ ಹದಿನೈದರ ಮುಂದೆ "ನಾಟದು" ಎಂದಿತ್ತು. ನಾಟುವ ಎರಡರಲ್ಲಿ ಒಂದು ನಮ್ಮ ಪ್ರಾಂತ್ಯದಲ್ಲೇ ದಾಸ್ತಾನಿರಲಿಲ್ಲ.

"ಮೂರು ಕೊಟ್ವಿ," ಎಂದರು ಡಾಕ್ಟರ್ ಕಾನುಲ್. ಮುಖ ಬಿಳಿಚಿತ್ತು. "ಮೂರೂ ಇಲ್ಲಿ ನಾಟದು ಅಂತಿದೆ. ನಾನು ಬಂದು ಕೇಳ್ಬೇಕಿತ್ತು."

ನಿಮ್ಮ ಇಡೀ ಇಲಾಖೆಯಲ್ಲಿ "ನಾನು ಮಾಡಬೇಕಿತ್ತು" ಎಂಬ ಮಾತನ್ನು ನಾನು ಕೇಳಿದ್ದು ಆಕೆಯ ಬಾಯಿಂದ ಮಾತ್ರ.

ಉಳಿದ ಆ ಒಂದು ಇಂಜೆಕ್ಷನ್ನು ಶುರುವಾಯಿತು. ಅದು ಕಿವಿಗೆ ಪೆಟ್ಟು ಕೊಡಬಹುದು, ಅದರಲ್ಲೂ ಮೂತ್ರಪಿಂಡ ಸೋತಿದ್ದರೆ ಮೈಯಲ್ಲೇ ಉಳಿದುಕೊಂಡು ಹೆಚ್ಚು ಕೆಡುಕು ಮಾಡಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಆ ಹೊತ್ತಿಗೆ ಅಷ್ಟು ದಿನದ ಜ್ವರದಲ್ಲಿ ಲಾಂಡಿಯ ಮೂತ್ರಪಿಂಡಗಳು ಸೋತಿದ್ದವು. ಒಂಬತ್ತು ದಿನ ಮೊದಲು ಸೋತಿರಲಿಲ್ಲ. ಆಗಲೇ ಕೊಟ್ಟಿದ್ದರೆ ಕಿವಿ ಖಂಡಿತ ಉಳಿಯುತ್ತಿತ್ತೇ ಎಂದು ಕೇಳಿದೆ. "ಖಂಡಿತ ಅಂತ ಹೇಳಲಾರೆ. ಆದರೆ ಅಪಾಯ ಇದಕ್ಕಿಂತ ತುಂಬಾ ಕಮ್ಮಿ ಇರ್ತಿತ್ತು," ಎಂದರು.

ಜ್ವರ ಇಳಿಯಿತು. ಇಂಜೆಕ್ಷನ್ನು ಶುರುವಾದ ಹತ್ತನೆಯ ದಿನ ಲಾಂಡಿ ಕಿವಿಯೊಳಗೆ ಸಿಳ್ಳೆ ಕೇಳುತ್ತದೆ ಎಂದಳು. ಇಂಜೆಕ್ಷನ್ನು ನಿಲ್ಲಿಸಿದರೆ ಸೋಂಕು ತಿರುಗಿಬೀಳಬಹುದು, ಮುಂದುವರಿಸಿದರೆ ಕಿವಿ ಪೂರ್ತಿ ಹೋಗಬಹುದು. ಡಾಕ್ಟರು ಅವಳನ್ನೇ ಕೇಳಿದರು.

"ಹೊಲಿಗೆಗೆ ಬೇಕಾಗಿರೋದು ಕಣ್ಣು, ಕೈ. ಹಾಕಿ."

ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಕಿವಿ ಇರೋವಾಗ್ಲೇ ಏನಾದ್ರೂ ಬೈಯೋದಿದ್ರೆ ಬೈದುಬಿಡು," ಎಂದು ನಕ್ಕಳು. ನನಗೆ ನಗಲು ಆಗಲಿಲ್ಲ.

ಹದಿನಾಲ್ಕನೆಯ ದಿನ ಅವಳು ಮನೆಗೆ ಬಂದಳು, ಬದುಕಿ. ಕಿಟಕಿ ಪಕ್ಕದ ಮಂಚದ ಆ ಶಿಕ್ಷಕಿ ಮನೆಗೆ ಹೋಗಲಿಲ್ಲ. ಅವರ ಕೀವಿನ ವರದಿ ಯಾವಾಗ ಬಂತು, ಬಂತೋ ಇಲ್ಲವೋ, ಅವರ ಮಗಳಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಲಾಂಡಿ ಈಗ ಹೊಲಿಗೆ ಯಂತ್ರದ ಮೇಲೆ ಅಂಗೈ ಇಟ್ಟು, ಅದರುವುದನ್ನು ಮುಟ್ಟಿ ನೋಡಿ, ಓಡುತ್ತಿದೆಯೋ ಇಲ್ಲವೋ ತಿಳಿಯುತ್ತಾಳೆ. ಮಾಯಾ ಭಾಷೆ ಬಿಟ್ಟು ಬೇರೆ ಬಾರದ, ಓದು ಬರಹವಿಲ್ಲದ ನಮ್ಮ ಅಮ್ಮನಿಗೆ ಮಗಳೊಡನೆ ಮಾತಾಡಲು ದಾರಿಯೇ ಉಳಿದಿಲ್ಲ. ಸುಮ್ಮನೆ ಅವಳ ಜಡೆ ಹೆಣೆಯುತ್ತಾ ಕೂರುತ್ತಾಳೆ.

ಹಾಗಾದರೆ ಜೇನಿನ ಕಥೆ ಎಲ್ಲಿಂದ ಬಂತು? ಅದನ್ನೂ ಹೇಳುತ್ತೇನೆ. ಮನೆಗೆ ಬಂದ ಎರಡು ವಾರದ ಮೇಲೆ, ಸೋಂಕು ಹೋಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ, ಹೊಲಿಗೆಯ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗ ಹಸಿಯಾಗಿ ಉಳಿದಿತ್ತು. ಅಲ್ಲಿಗೆ ಜೇನು ಹಚ್ಚಿದೆ. ಮಾಗಿತು. ಹಚ್ಚದಿದ್ದರೂ ಮಾಗುತ್ತಿತ್ತೇನೋ, ನನಗೆ ಗೊತ್ತಿಲ್ಲ. ಮುಂದಿನ ತಪಾಸಣೆಯ ದಿನ ನಿಮ್ಮ ಗುಮಾಸ್ತ ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಏನೋ ಕೇಳಿದ. ಕಿವಿ ಕೇಳದವಳು ತುಟಿ ನೋಡಿ "ಜೇನು" ಎಂಬಷ್ಟನ್ನು ಹಿಡಿದು, ಹೌದು ಎಂದು ತಲೆಯಾಡಿಸಿದಳು. ಅವನು ಬಹುಶಃ "ಆಪರೇಷನ್ ಆದ ಕೂಡ್ಲೆ ಜೇನು ಹಚ್ಚಿದ್ರಾ" ಎಂದು ಕೇಳಿದ್ದ. ಆ ಒಂದು ತಲೆಯಾಡಿಸಿದ್ದೇ ನಿಮ್ಮ ಸುತ್ತೋಲೆಗೆ ಸಾಕ್ಷ್ಯ! ನಿಮ್ಮ ಆಸ್ಪತ್ರೆಯಲ್ಲಿ ಕಿವಿ ಕಳೆದುಕೊಂಡವಳ ಹೇಳಿಕೆಯನ್ನು ನಿಮ್ಮ ಆಸ್ಪತ್ರೆಯೇ ಬಾಯಿಮಾತಿನಲ್ಲಿ ಕೇಳಿ ದಾಖಲಿಸಿಕೊಂಡಿದೆ. ಇದಕ್ಕಿಂತ ವೈಜ್ಞಾನಿಕ ವಿಧಾನ ಇನ್ನಾವುದಿದೆ?

ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ನನ್ನ ಗಂಡ ಎವೆಲಿಯೊ ಹನ್ನೊಂದು ವರ್ಷ ಹಂದಿ ಸಾಕಣೆ ಕೇಂದ್ರವೊಂದರಲ್ಲಿ ದುಡಿದವನು. ಅಲ್ಲಿ ರೋಗವಿಲ್ಲದ ಹಂದಿಗಳ ಮೇವಿಗೂ ಆಂಟಿಬಯಾಟಿಕ್ ಪುಡಿಯನ್ನು ಮೊಗೆದು ಮೊಗೆದು ಹಾಕುತ್ತಿದ್ದರು. ಚೀಲದ ತಳದಲ್ಲಿ ಉಳಿದದ್ದನ್ನು ಅವನು ಮನೆಗೆ ತರುತ್ತಿದ್ದ. ನಾನು ಅದನ್ನು ಕೋಳಿಗಳಿಗೆ ಕಲಸಿ ಹಾಕಿದ್ದೇನೆ. ಮಕ್ಕಳಿಗೆ ನೆಗಡಿಯಾದಾಗ ಔಷಧದಂಗಡಿಗೆ ಅಂಟಿಕೊಂಡ ಕೋಣೆಯ ಡಾಕ್ಟರ ಬಳಿ ಹೋಗಿ, ಎರಡು ನಿಮಿಷದಲ್ಲಿ ಚೀಟಿ ಬರೆಸಿಕೊಂಡು, ಮಾತ್ರೆಗಳನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ನೆರೆಮನೆಗೆ ದಾನ ಮಾಡಿದ್ದೇನೆ. ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾ ತಯಾರಾಗುವುದು ಹೀಗೆಯೇ ಎಂದು ಡಾಕ್ಟರ್ ಕಾನುಲ್ ವಿವರಿಸಿದ ದಿನ ನನಗೆ ಊಟ ಸೇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವರದಿ ಎಲ್ಲಿ ಎಂದು ಐದನೆಯ ದಿನವೇ ಕೇಳಬೇಕಿತ್ತು. ದೊಡ್ಡವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದೆ. ಇದಕ್ಕೆ ನನ್ನ ಹೆಸರು ಹಾಕಿ ಒಂದು ಸುತ್ತೋಲೆ ಹೊರಡಿಸಿ, ಬೇಡವೆನ್ನುವುದಿಲ್ಲ. ಆದರೆ ಹಂದಿ ಕೇಂದ್ರದ ಬಾಗಿಲಿಗೂ ಒಂದನ್ನು ಅಂಟಿಸುವ ಧೈರ್ಯ ನಿಮಗಿದೆಯೇ? ಔಷಧದಂಗಡಿಯ ಪಕ್ಕದ ಕೋಣೆಗೆ? ನೀರಿಲ್ಲದ ನಲ್ಲಿಗೆ? ಮುದುಕಿಯ ಬಾಟಲಿ ಹೊತ್ತುಕೊಂಡು ಹೋಗುವಷ್ಟು ಸುಲಭವಲ್ಲ ಅದು, ನನಗೆ ಗೊತ್ತು.

ಗಾಯಕ್ಕೆ ಏನನ್ನಾದರೂ ಹಚ್ಚಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ ಎಂದು ನೀವು ಬರೆದಿದ್ದರೆ, ಆ ಕಾಗದವನ್ನು ನಾನೇ ನನ್ನ ಚಪ್ಪರಕ್ಕೆ ಅಂಟಿಸುತ್ತಿದ್ದೆ. ನೀವು ಹಾಗೆ ಬರೆಯಲಿಲ್ಲ. ಈಗ ಏನಾಗಿದೆ ನೋಡಿ. ಮೊನ್ನೆ ಒಬ್ಬ ಹೆಂಗಸು ಕೊಳೆತ ಕಾಲಿನ ಅಪ್ಪನನ್ನು ಕರೆದುಕೊಂಡು ಬಂದಳು. ಆಸ್ಪತ್ರೆಗೆ ಹೋಗು ಎಂದೆ. "ಹೋದ್ರೆ ಏನು ಹಚ್ಚಿದೀರಿ ಅಂತ ಕೇಸ್ ಹಾಕ್ತಾರಂತೆ ದೋನ್ಯಾ, ಭಯ" ಎಂದಳು. ನಾನೇ ಜೊತೆಗೆ ಹೋಗಬೇಕಾಯಿತು. ಎಲ್ಲರ ಜೊತೆಗೂ ಹೋಗಲು ನನ್ನಿಂದಾಗುತ್ತದೆಯೇ?

ಆದ್ದರಿಂದ ಕೇಳುತ್ತಿದ್ದೇನೆ. ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ, ಹಿಂತೆಗೆದುಕೊಂಡ ಸುದ್ದಿಯನ್ನು ಅದನ್ನು ಅಂಟಿಸಿದ್ದ ಬಾಗಿಲುಗಳಿಗೇ ಅಂಟಿಸಿ. ಪ್ರತಿಯೊಂದು ಕೀವಿನ ವರದಿಯ ಮೇಲೂ ಅದು ಸಿದ್ಧವಾದ ದಿನ, ಡಾಕ್ಟರು ಓದಿದ ದಿನ ಎರಡನ್ನೂ ಬರೆಯಿಸಿ, ಸಹಿ ಹಾಕುವವರು ರಜೆಯಲ್ಲಿದ್ದರೆ ಇನ್ನೊಬ್ಬರು ಹಾಕಲಿ. ವಾರ್ಡಿನ ನಲ್ಲಿಗೆ ನೀರು ಬಿಡಿಸಿ. ಆ ಶಿಕ್ಷಕಿಯ ಮಗಳಿಗೆ ಅವಳ ತಾಯಿಯ ವರದಿ ಕೊಡಿ. ಮತ್ತು ಲಾಂಡಿಗೆ ಆದದ್ದೇನು ಎಂಬುದನ್ನು ನಿಮ್ಮ ಕಚೇರಿ ಒಪ್ಪಿಕೊಳ್ಳಲಿ. ಅದಕ್ಕಾಗಿ ಯಾರನ್ನೂ ನಮ್ಮ ಮನೆಗೆ ಸಮಾಧಾನ ಹೇಳಲು ಕಳಿಸಬೇಡಿ, ಫೋನೂ ಮಾಡಿಸಬೇಡಿ. ಬರೆದು ಕೊಡಿ. ಬಾಯಿಮಾತಿನ ಭರವಸೆ ಅವಳಿಗೆ ಕೇಳಿಸುವುದಿಲ್ಲ.

ಇಂತಿ,
ಕೇಳಬೇಕಾದ ದಿನ ಕೇಳದೆ ಬಾಯಿ ಮುಚ್ಚಿಕೊಂಡಿದ್ದ
ನಿಕೊಲಾಸಾ ಜೂಲ್ ಪೋಟ್