ನಮ್ಮ ಕಣಿವೆಯ ಸೊನ್ನೆ

ಬಿಷ್ಕೆಕ್
ನವೆಂಬರ್ ೧೪, ಸೋಮವಾರ

ನನ್ನ ಕಣ್ಮಣಿ ಜಿಪಾರ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಜೊತೆಗೆ ಬಂದ ಕುರುತ್ ಉಂಡೆಗಳಲ್ಲಿ ಒಂದನ್ನು ಅಂದೇ ಕಡಿದೆ. ಒಣಮೊಸರು ಕರಗುವ ಮೊದಲೇ ನನ್ನ ದವಡೆಹಲ್ಲು ರಾಜೀನಾಮೆ ಕೊಟ್ಟಿತು. ತಡಕ್ಕೆ ಹಲ್ಲುನೋವೇ ಕಾರಣ ಅನ್ನಬಹುದಿತ್ತು, ಆದರೆ 'ಬರೆಯೋದು ಕೈಯಲ್ಲಲ್ವಾ ಆತಾ?' ಅಂತ ನೀನು ಈ ಅಪ್ಪನನ್ನು ಕೇಳಿಯೇ ಕೇಳುತ್ತೀಯ. ಕ್ಷಮಿಸು. ನಿಮ್ಮ ನಾರಿನ್ ಕಡೆಯ ಟ್ಯಾಕ್ಸಿಯವನು ಎರಡು ಸಲ ಬಂದು "ಅಕ್ಸಕಾಲ್ ತಾತ, ಮಗಳಿಗೆ ಕಾಗದ ಇಲ್ವಾ?" ಅಂತ ಕೇಳಿದ. ಎರಡು ಸಲವೂ ಬರೀ ಸೇಬು ಕೊಟ್ಟು ಕಳಿಸಿದೆ.

ನೀನು ಬರೆದದ್ದನ್ನು ಬಾಯಿಪಾಠ ಒಪ್ಪಿಸಬಲ್ಲೆ. "ಹನ್ನೊಂದು ತುಂಬಿದ ಹುಡುಗಿಯರಿಗೆಲ್ಲ ಗರ್ಭಕಂಠದ ಕ್ಯಾನ್ಸರ್ ತಡೆಯೋ ಹೊಸ ಲಸಿಕೆ ಅಂತೆ. ನವೆಂಬರ್ ಹದಿನೆಂಟನೇ ತಾರೀಖು ಶುಕ್ರವಾರದೊಳಗೆ ನಾನು ನಿಮ್ಮ ಮೊಮ್ಮಗಳು ಬೇಗಾಯಿಮ್ ಹೆಸರಿನ ಮುಂದೆ ಒಪ್ಪಿಗೆಗೋ ನಿರಾಕರಣೆಗೋ ಸಹಿ ಹಾಕಬೇಕು. ಆರೋಗ್ಯ ಕೇಂದ್ರದ ಗೋಡೆ ಮೇಲಿನ ಪಟ್ಟೀಲಿ ಹತ್ತು ವರ್ಷಕ್ಕೆ ಈ ಕ್ಯಾನ್ಸರಿಂದ ನಮ್ಮ ಕಣಿವೆಯ ಸಾವು ಸೊನ್ನೆ. ಸೊನ್ನೆಗೆ ಯಾಕೆ ಸೂಜಿ? ಶಿಫಾರಸು ಮಾಡಿದ ಸಮಿತೀಲಿ ನೀವೇ ಇದ್ದೀರಲ್ಲ ಆತಾ, ನಿಜ ಹೇಳಿ, ಯಾರ ಜೇಬು ತುಂಬ್ತಾ ಇದೆ?"

ಸಂಶಯ ನಮ್ಮ ಮನೆತನದ ಆಸ್ತಿ. ನಿನ್ನ ಅಜ್ಜ ಕುದುರೆ ಕೊಳ್ಳುವಾಗ ಮೊದಲು ಕುದುರೆಯ ಹಲ್ಲು ನೋಡಿ, ಆಮೇಲೆ ಮಾರುವವನ ಹಲ್ಲೂ ನೋಡುತ್ತಿದ್ದ.

ಸಮಿತಿ ಎಂಬ ಪದದಲ್ಲೇ ಮಿತಿ ಇದೆ. ನಮ್ಮ ಮಾತಿಗೆ ಮಾತ್ರ ಇರಲಿಲ್ಲ. ಹನ್ನೆರಡು ಜನ ಒಂದು ವರ್ಷ ಕೂತೆವು. ಈ ಲಸಿಕೆ ಹಾಕಿದ ದೇಶಗಳಲ್ಲಿ ಏನಾಯಿತು, ಎಷ್ಟು ಕಾಲ ಕಾಯುತ್ತದೆ, ಯಾರಿಗೆ ಏನು ತೊಂದರೆಯಾಯಿತು, ಬೇಸಿಗೆಯಲ್ಲಿ ಹುಡುಗಿಯರು ಕುರಿಮಂದೆಯ ಜೊತೆ ಬೆಟ್ಟ ಏರಿಬಿಟ್ಟರೆ ಹುಡುಕಿಕೊಂಡು ಹೋಗುವವರು ಯಾರು. ಬೇರೆಯವರಿಗೆ ಲಸಿಕೆ ಬಿಸಿಯಾದೀತು ಅನ್ನೋ ಚಿಂತೆಯಾದರೆ, ನಾರಿನ್‌ನ ಜನವರಿಯಲ್ಲಿ ಅದು ಹೆಪ್ಪುಗಟ್ಟದ ಹಾಗೆ ಕಂಬಳಿ ಹೊದಿಸಿ ಮಲಗಿಸುವ ಚಿಂತೆ ನಮಗೆ. ಇಷ್ಟಾದ ಮೇಲೆ ನಾವು ಕೊಡುವುದು ಶಿಫಾರಸು ಮಾತ್ರ, ಆಜ್ಞೆ ಸಚಿವಾಲಯದ್ದು. ನಮ್ಮ ಜನಕ್ಕೆ ಶಿಫಾರಸು ಅಂದರೆ ಭಾವಮೈದುನನಿಗೆ ಕೆಲಸ ಕೊಡಿಸೋದು. ನಿನಗೆ ಅನುಮಾನ ಬಂದದ್ದರಲ್ಲಿ ತಪ್ಪೇನು? ನನಗೂ ಬಂದಿತ್ತು.

ಯಾಕೆ ಹೇಳುತ್ತೇನೆ ಕೇಳು. ಮೊದಲ ಸಭೆಯಲ್ಲೇ ಎಲ್ಲರೂ ಒಂದು ಹಾಳೆ ತುಂಬಬೇಕು: ಈ ವಿಷಯದಲ್ಲಿ ನಿಮಗೆ ಸ್ವಂತದ ಹಿತಾಸಕ್ತಿ ಏನಾದರೂ ಇದೆಯೇ? 'ಇದೆ' ಅಂದವರು ಚರ್ಚೆಗೆ ಕೂರಬಹುದು, ಮತಕ್ಕೆ ಕೂರುವಂತಿಲ್ಲ. ನಾನು 'ಇಲ್ಲ' ಅಂತ ಬರೆದೆ. ಏಪ್ರಿಲಿನಲ್ಲಿ ಮತದ ದಿನ ಬಂತು. ಸಾವಿನ ಅಂಕಿಅಂಶ ನೋಡಿಕೊಳ್ಳುವ ಉಮ್ಸುನಾಯ್ ಎಂಬಾಕೆ ಕುರ್ಚಿ ಸರಿಸಿ ಎದ್ದು ಹೊರಗೆ ಹೋದಳು. ನಲವತ್ತರ ಆಸುಪಾಸು, ನಗುವನ್ನೂ ಎಣಿಸಿ ಖರ್ಚು ಮಾಡುವ ಹೆಂಗಸು. ನನ್ನ ಪಕ್ಕ ಕೂತಿದ್ದ ಮುದುಕ ಡಾಕ್ಟರ್ ಜೊಲ್ದೋಷ್ಬೆಕ್ ನನ್ನ ಕಿವಿಗೆ ಬಾಯಿಟ್ಟ.

"ನೋಡ್ದೆಯಾ ಎಸೆನ್ಕುಲ್? ಲಸಿಕೆ ಕಂಪನಿ ಕೈ ಬಿಸಿ ಮಾಡಿದೆ. ಬೂಟು ನೋಡು, ಹೊಸದು."

"ಬೂಟಲ್ಲೇ ಲೂಟಿ ಅಂತೀಯಾ?" ಅಂದೆ. ಇಬ್ಬರೂ ನಕ್ಕೆವು. ಕೈ ಎತ್ತಿದೆವು. ಶಿಫಾರಸು ಹೊರಟಿತು.

ನಿನ್ನ ಕಾಗದ ಬಂದ ಮೇಲೆ ಆ ಬೂಟು ನನ್ನ ತಲೆಯೊಳಗೆ ನಡೆದಾಡತೊಡಗಿತು. ಚುಚ್ಚುವುದು ಬೇಗಾಯಿಮ್ ತೋಳಿಗೆ. ಹೋದ ಗುರುವಾರ ಉಮ್ಸುನಾಯ್ ಕಚೇರಿಗೇ ಹೋದೆ. ಅತಿಥಿಗೆ ಕೊಡುವ ಹಾಗೆ ಅರ್ಧ ಬಟ್ಟಲು ಚಹಾ ಕೊಟ್ಟು ಕೂರಿಸಿದಳು. ಹವೆ, ಮಂಡಿನೋವು, ಹಿಟ್ಟಿನ ಬೆಲೆ ಎಲ್ಲ ಆದ ಮೇಲೆ, "ಕಂಪನಿಯವರು ನಿನಗೆ ಏನು ಕೊಟ್ಟರಮ್ಮ?" ಅಂತ ಕೇಳೇಬಿಟ್ಟೆ.

ಅವಳು ಚಹಾಪಾತ್ರೆ ಎತ್ತಿದಳು. ನನ್ನ ಬಟ್ಟಲನ್ನು ಅಂಚಿನವರೆಗೂ ತುಂಬಿಸಿದಳು. ನಮ್ಮಲ್ಲಿ ಅದರ ಅರ್ಥ ನಿನಗೆ ಗೊತ್ತಲ್ಲ, ಕುಡಿದು ಎದ್ದು ಹೋಗು ಅಂತ. ಅರವತ್ತೊಂಬತ್ತು ವರ್ಷದಲ್ಲಿ ನನಗೆ ಯಾರೂ ತುಂಬಿದ ಬಟ್ಟಲು ಕೊಟ್ಟಿರಲಿಲ್ಲ ಜಿಪಾರ್. ಎದ್ದೇಬಿಡುತ್ತಿದ್ದೆ, ಚಹಾ ಸುಡುತ್ತಿತ್ತು. ಅದು ಆರುವಷ್ಟರಲ್ಲಿ ಅವಳೇ ಕಡತದಿಂದ ತನ್ನ ಹಾಳೆ ತೆಗೆದು ಮುಂದಿಟ್ಟಳು. ಅದರಲ್ಲಿ ಹೀಗಿತ್ತು: 'ನನ್ನ ಅಕ್ಕ ಇದೇ ಕಾಯಿಲೆಯಿಂದ ತೀರಿಕೊಂಡಳು. ಅಂಕಿ ನೋಡುವ ಮೊದಲೇ ನನ್ನ ಕೈ ಮೇಲೇಳುತ್ತದೆ. ಆದ್ದರಿಂದ ಅದನ್ನು ಎಣಿಸಬೇಡಿ.'

"ಬೂಟು ದೋರ್ದೋಯ್ ಸಂತೆಯದ್ದು ಬಾಯ್ಕೆ," ಅಂದಳು, ಹಿರಿಯನಿಗೆ ಕೊಡುವ ಮರ್ಯಾದೆ ಬಿಡದೆ. ಅಂದಿನ ನಮ್ಮ ಪಿಸುಮಾತು ಬಾಗಿಲವರೆಗೂ ಕೇಳಿಸಿತ್ತು. "ಅರ್ಧ ಬೆಲೆಗೆ ಬಂತು. ಹಿಮ್ಮಡಿ ಆಗಲೇ ಕಿತ್ತಿದೆ, ನಿಮ್ಮ ಸ್ನೇಹಿತರಿಗೆ ಹೇಳಿ."

ನೆಲ ನೋಡುತ್ತಾ ನಮ್ಮ ಕಣಿವೆಯ ಸೊನ್ನೆಯ ಮಾತು ತೆಗೆದೆ.

"ಸೊನ್ನೆ ಅಂದ್ರೆ ಯಾರೂ ಸತ್ತಿಲ್ಲ ಅಂತಲ್ಲ, ಯಾರೂ ಬರೆದಿಲ್ಲ ಅಂತ," ಅಂದಳು. "ನಾಚಿಕೆಗೆ ಬೇರೆ ಏನೋ ಬರೆಸ್ತಾರೆ. ನಮ್ಮಕ್ಕನದ್ದೂ ಹಾಗೇ ಬರೆಯೋಕೆ ಹೊರಟಿದ್ರು, ಜಗಳ ಮಾಡಿ ತಿದ್ದಿಸ್ದೆ. ನೀವು ಅಲ್ಲೇ ಮೂವತ್ತು ವರ್ಷ ಡಾಕ್ಟರಾಗಿದ್ರಲ್ಲ ಬಾಯ್ಕೆ, ನಿಮಗೆ ಗೊತ್ತಿಲ್ದೆ ಇರುತ್ತಾ?"

ಚಹಾ ಮುಗಿಸಿ ಬಂದೆ.

ಜೇಬು ಹುಡುಕಿಕೊಂಡು ಹೋದವನಿಗೆ ಜೇಬು ಸಿಗಲಿಲ್ಲ. ಲಸಿಕೆಯ ಬಗ್ಗೆ ಇರುವ ಕಾಗದಪತ್ರವನ್ನೆಲ್ಲ ಮತ್ತೊಮ್ಮೆ, ನಿನ್ನ ಕಣ್ಣಿನಿಂದ, ತಪ್ಪು ಹುಡುಕುತ್ತಾ ಓದಿದೆ. ಬೇಗಾಯಿಮ್‌ಗೆ ಹಾಕಿಸು ಮಗಳೇ. ತೋಳು ನೋಯುತ್ತದೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಕೆಲವು ಮಕ್ಕಳಿಗೆ ತಲೆಸುತ್ತು ಬರುವುದುಂಟು, ಅದಕ್ಕೆ ಚುಚ್ಚಿಸಿಕೊಂಡ ಮೇಲೆ ಕಾಲು ಗಂಟೆ ಅಲ್ಲೇ ಕೂರಿಸು. ನನ್ನಂತೆ ಕೂತಲ್ಲೇ ಹರಟುವವಳು, ಕಷ್ಟವಾಗಲಾರದು.

ನಿನ್ನ ಒಲೆ ಆರದಿರಲಿ, ಮಗು ನಿನಗಿಂತ ಎತ್ತರ ಬೆಳೆಯಲಿ. ಅವಳ ಹಣೆಗೆ ನನ್ನ ಮುತ್ತು.

ನಿನ್ನ ಆತಾ,
ಎಸೆನ್ಕುಲ್

ತಾ.ಕ.: ಇದು ಮರೆತು ಬಿಟ್ಟದ್ದಲ್ಲ. ಮೂರು ವಾರ ಕೈ ತಡೆದದ್ದು ಇದೇ.

ಆ ಸೊನ್ನೆಯನ್ನು ಬರೆಸಿದವನು ನಾನು. ನಿನ್ನ ಅಮ್ಮನ ಮೂತ್ರಪಿಂಡ ಕೆಟ್ಟಿತ್ತು ಅಂತ ಎಂಟು ವರ್ಷದಿಂದ ಹೇಳುತ್ತಾ ಬಂದೆ. ಕೆಟ್ಟದ್ದು ನಿಜ, ಕೆಡಿಸಿದ್ದು ಈ ಕ್ಯಾನ್ಸರ್. ಮರಣ ಪ್ರಮಾಣಪತ್ರ ಬರೆಯುತ್ತಿದ್ದ ಡಾಕ್ಟರ ಕೈ ಹಿಡಿದು "ಮೂತ್ರಪಿಂಡ ಅಂತಷ್ಟೇ ಸಾಕು" ಅಂದೆ. ಇದರ ಸೋಂಕು ಗಂಡನಿಂದಲೇ ಬಂದಿರಬೇಕು ಅಂತ ಊರು ನನ್ನ ಕಡೆ ಬೆರಳು ಮಾಡೀತು ಅಂತ ಅಂಜಿದೆ. ಅವಳ ಮಾನ ಕಾಯುತ್ತಿದ್ದೇನೆ ಅಂದುಕೊಂಡೆ, ಕಾದದ್ದು ನನ್ನದನ್ನು. ಸಮಿತಿಯ ಹಾಳೆಯಲ್ಲಿ 'ಇಲ್ಲ' ಅಂತ ಬರೆದದ್ದೂ ಅದೇ ಕೈ. ನನ್ನ ಮತ ಎಣಿಸಬೇಡಿ ಅಂತ ಇವತ್ತು ಅಧ್ಯಕ್ಷರಿಗೆ ಬರೆದಿದ್ದೇನೆ. ಒಂದು ಕೈ ಇಳಿದರೂ ಶಿಫಾರಸು ಬೀಳುವುದಿಲ್ಲ.

ಗುರುವಾರದ ಟ್ಯಾಕ್ಸಿಗೆ ಬರುತ್ತೇನೆ. ದಾಖಲೆ ತಿದ್ದಿಸುವ ಅರ್ಜಿ ಜೇಬಿನಲ್ಲಿದೆ. ಗೋಡೆಯ ಮೇಲಿನ ಸೊನ್ನೆ ಒಂದಾಗಬೇಕು. ಅಲ್ಲಿಯವರೆಗೆ ನೀನು ಅದನ್ನು ಕುಲೈಪಾ ಅಂತ ಓದಿಕೋ, ನಿನ್ನ ಅಮ್ಮ ಅಂತ.

ಆಮೇಲೆ ನಿನ್ನ ಮನೆಗೆ ಬರುತ್ತೇನೆ. ಬಟ್ಟಲು ಎಷ್ಟು ತುಂಬಿಸಬೇಕು ಅನ್ನೋದು ನಿನಗೆ ಬಿಟ್ಟದ್ದು.