ಉಡಿಗಾಲದಲ್ಲಿ ಆಗುವ ಸೀಟು

ಅಪ್ಪಾ,

"ಮೊದ್ಲು ಹತ್ಕಳಿ, ಉಡಿಗಾಲದಲ್ಲಿ ಸೀಟು ಆಯ್ತದೆ." ನೀನು ಹೇಳುತ್ತಿದ್ದುದು ಹೀಗೇ ಅಲ್ಲವಾ? ಅಥವಾ ದಾರಿಯ ಮೇಲಿನ ಬೇರೆ ಊರಿನ ಹೆಸರು ಹೇಳುತ್ತಿದ್ದೆಯಾ? ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಟಿಕೆಟ್ ಬ್ಯಾಗು ನೇತುಹಾಕಿಕೊಂಡು, ಗುಂಡ್ಲುಪೇಟೆಗೆ ಹೊರಟವರನ್ನು ಬಾಗಿಲೊಳಕ್ಕೆ ತುಂಬುತ್ತಾ ಹೇಳುತ್ತಿದ್ದ ಮಾತು. ಈಗ ನಿನ್ನನ್ನು ಒಂದು ಕೇಳಬೇಕು. ಅಲ್ಲಿ ಇಳಿಯುವಷ್ಟೇ ಜನ ಹತ್ತುತ್ತಲೂ ಇದ್ದರಲ್ಲ, ಹಾಗಾದರೆ ಸೀಟು ಯಾರಿಗೆ ಸಿಗುತ್ತಿತ್ತು?

ಕೊನೆಯ ದಿನಗಳಲ್ಲಿ ನೀನು ಜಗಲಿಯಲ್ಲಿ ಕೂತು, ಬಂದವರನ್ನೆಲ್ಲ "ಎಲ್ಲಿಗೆ?" ಅಂತ ಕೇಳುತ್ತಿದ್ದೆ. ನನ್ನನ್ನೂ ಕೇಳಿದೆ. ಮಗಳ ಗುರುತೂ ಹೋಯಿತಲ್ಲ ಅಂತ ನಾನು ಒಳಗೆ ಹೋಗಿಬಿಟ್ಟೆ. ನನ್ನ ಮಗಳು ಸಿಂಚನ ಮಾತ್ರ ನಿನ್ನ ಪಕ್ಕ ಕೂತು, "ಹಂಗಳಕ್ಕೆ ಒಂದು ಕೊಡಿ" ಅಂದಳು. ನೀನು ಬರಿಗೈಯಲ್ಲಿ ಟಿಕೆಟ್ ಹರಿಯಲು ಹೋಗಿ, ಅರ್ಧಕ್ಕೆ ನಿಲ್ಲಿಸಿದೆ. "ಈ ಬಸ್ಸು ಹಂಗಳಕ್ ಹೋಗಲ್ಲ ಕಣಮ್ಮಿ. ಗುಂಡ್ಲುಪೇಟೆಲಿ ಇಳ್ಕಂಡ್ಬುಡು." ಅವಳು ನಕ್ಕಳು. ರಾತ್ರಿ ನನ್ನನ್ನು ಕೇಳಿದಳು: "ನಮ್ಮನ್ನ ಮರೆತ ತಾತನಿಗೆ ದಾರಿ ಹೇಗಮ್ಮ ನೆನಪಿದೆ?" ಅವಳು ಮನಃಶಾಸ್ತ್ರ ಓದಲು ಹೊರಟಿದ್ದು ಆ ಒಂದು ಪ್ರಶ್ನೆ ಹಿಡಿದುಕೊಂಡು.

ಈ ವರ್ಷ ಅವಳ ಡಿಗ್ರಿ ಮುಗಿದು, ಎಂ.ಎ.ಗೆ ಸೇರಿಸಲು ಇಬ್ಬರೂ ಹೋಗಿದ್ದೆವು. ವಿಶ್ವವಿದ್ಯಾನಿಲಯದ ಹೆಸರು ಒಂದೇ, ಗೇಟು ಒಂದೇ. ಒಳಗೆ ಒಂದೊಂದು ವಿಭಾಗಕ್ಕೂ ನೂಕುನುಗ್ಗಲು ಒಂದೊಂದು ಥರ ಅಂತ ನಮಗೆ ಗೊತ್ತಿರಲಿಲ್ಲ. ನಾನು ಕನ್ನಡ ಎಂ.ಎ. ಸೇರಿದಾಗ ಯಾರೂ ನೂಕಾಡಿರಲಿಲ್ಲ. ಈಗ ಕೆಲವು ವಿಭಾಗಗಳು ಬನ್ನಿ ಬನ್ನಿ ಅಂತ ಕರೆಯುತ್ತವೆ. ಮನಃಶಾಸ್ತ್ರದ ಮುಂದೆ ಮಾತ್ರ ಇವಳಿಗಿಂತ ಎಷ್ಟೋ ಹೆಚ್ಚು ಅಂಕ ತೆಗೆದವರೂ ಗೋಡೆಗೊರಗಿ ನಿಂತಿದ್ದರು. ಮೊದಲ ಸುತ್ತಿನಲ್ಲಿ ಅವಳಿಗೆ ಸೀಟು ಆಗಲಿಲ್ಲ. ಇತಿಹಾಸ ವಿಭಾಗದಲ್ಲಿ ಈಗಲೇ ಸೇರಬಹುದು ಅಂದರು.

"ಸೇರ್ಕೊಂಡ್ಬಿಡ್ತೀನಮ್ಮ," ಅಂದಳು ಸಿಂಚನ. "ತಾತ ಹೇಳ್ತಿರ್ಲಿಲ್ವಾ, ಮೊದ್ಲು ಹತ್ಕೋಬೇಕು. ಒಳಗೆ ಹೋದ್ಮೇಲೆ ಬದಲಾಯಿಸ್ಕೊಂಡ್ರಾಯ್ತು."

ನಾನು ಹೂಂ ಅಂದೆ. ನಿನ್ನ ಮನೆಯಲ್ಲಿ ಬೆಳೆದವಳು ಇನ್ನೇನು ಅನ್ನಲಿ?

ಕೆಲವೇ ದಿನಗಳಲ್ಲಿ ಮನಃಶಾಸ್ತ್ರದಲ್ಲಿ ಸೀಟು ತೆರವಾಯಿತು. ಅವಳು ಓಡಿದಳು. ಕಚೇರಿಯ ಗುಮಾಸ್ತರು ಒಳ್ಳೆಯ ಮನುಷ್ಯ, ಬೈಯಲಿಲ್ಲ. "ನೀವು ಒಳಗಡೆ ಇದೀರಲ್ಲಮ್ಮ. ಇದು ಎಲ್ಲೂ ಸೇರ್ದೆ ಹೊರಗೆ ನಿಂತಿರೋರಿಗೆ," ಅಂದರಂತೆ. ಮುಂದಿನ ವರ್ಷವಾದರೂ ಆಗುತ್ತಾ ಅಂತ ಇವಳು ಕೇಳಿದ್ದಕ್ಕೆ, "ಮುಂದಿನ ವರ್ಷ ಜನ ಇನ್ನೂ ಜಾಸ್ತಿ" ಅಂದರಂತೆ. ಹೊರಗೇ ನಿಂತಿದ್ದರೆ, ಅಪ್ಪಾ, ಬಹುಶಃ...

ನಿನ್ನೆ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಪಾಠ ಹೇಗಿದೆ ಅಂದರೆ "ಚೆನ್ನಾಗಿದೆ" ಅಂದಳು. ನಿನ್ನ ಮಾತು ಎತ್ತುವುದೇ ಇಲ್ಲ ಈಗ. ಕವಿತೆಯ ಎರಡು ಸಾಲಾದರೂ ಓದಿ ಹೇಳೋಣವೆಂದು ಪುಸ್ತಕ ತೆಗೆದಿಟ್ಟುಕೊಂಡಿದ್ದೆ. ಓದಲಿಲ್ಲ. ಸಮಾಧಾನ ಹೇಳಲು ನಮ್ಮ ಮನೆಯಲ್ಲಿದ್ದ ಒಂದು ಮಾತನ್ನು ಆಗಲೇ ಖರ್ಚು ಮಾಡಿದ್ದಾಗಿತ್ತು.

ಇದನ್ನು ಬರೆಯುತ್ತಿರುವಾಗಲೇ ಪಕ್ಕದ ಮನೆಯ ಮುಬೀನಾ ಬಂದಳು, ನಿನ್ನ ಬಸ್ಸಿನಲ್ಲೇ ಚಾಮರಾಜನಗರಕ್ಕೆ ಹೋಗಿ ಹೊಲಿಗೆ ಕಲಿತವಳು. ಕೈಯಲ್ಲಿ ಶಾವಿಗೆ ಪಾಯಸದ ಬಟ್ಟಲು. ಸಿಂಚನ ವಿಶ್ವವಿದ್ಯಾನಿಲಯ ಸೇರಿದ ಸುದ್ದಿ ಅವಳಿಗೆ ಇವತ್ತು ಗೊತ್ತಾಗಿದೆ. ಒಳಗೆ ಬಾ ಅಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು:

"ಬರೋ ವರ್ಷ ನಮ್ ಮಗ್ಳು ಸನಾನೂ ಅಲ್ಲಿಗೇ ಕಣಕ್ಕ. ಯಾವ್ದಾದ್ರೂ ಆಗ್ಲಿ, ಸೇರ್ಕಂಬುಡು ಅಂದಿವ್ನಿ. ನಿಮ್ಮಪ್ಪಾರು ಅಂತಿದ್ರಲ್ಲ, ಮೊದ್ಲು ಹತ್ಕಳಿ, ತೆರಕಣಾಂಬಿಲಿ ಸೀಟು ಆಯ್ತದೆ ಅಂತ."