ತಬಿತಾ ಯಾರ ಮಗಳು

ಕೆಂಟಕಿ, ೧೪ ಅಕ್ಟೋಬರ್ ೧೯೭೮

ಪ್ರಿಯ ನೆವಾಲಿನ್ ಅಕ್ಕನಿಗೆ,

ನಿನ್ನ ವಂಶಾವಳಿಯ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಈ ಕಾಗದ ತಲುಪಬೇಕು.

ತಲೆತಲಾಂತರದಿಂದ ಮಕ್ಕಳ ಹೆಸರು ಬರೆದಿಡುತ್ತಾ ಬಂದ ಮನೆತನದ ಬೈಬಲನ್ನು ನಿಮ್ಮಮ್ಮ ನಿನ್ನ ಕೈಗಿಟ್ಟ ದಿನದಿಂದ ನನಗೆ ಹೊಟ್ಟೆಕಿಚ್ಚು. ಬಂಧುಗಳ ಕೂಟದಲ್ಲಿ ಎಲ್ಲರೆದುರು ನೀನು, "ವಂಶ ಹುಡುಕ್ತೀನಂತ ಕೋರ್ಟಿನ ಹಳೇ ಕಡತಗಳ ಧೂಳು ಕುಡಿದು ಕೆಮ್ಮು ಬರಿಸ್ಕೊಂಡ್ಯಲ್ಲೇ ಆರ್ಡಿತ್! ನನ್ನ ಕೇಳಿದ್ರೆ ಪುಟ ತೆಗೆದು ತೋರಿಸ್ತಿರ್ಲಿಲ್ವಾ?" ಎಂದು ನಗಾಡಿದೆ. ಆ ಬೈಬಲಿನಲ್ಲಿ ಒಂದಾದರೂ ತಪ್ಪು ಹಿಡಿಯಬೇಕೆಂದೇ ಮತ್ತೆ ಕೋರ್ಟಿಗೆ ಹೋದೆ.

ತಪ್ಪು ಸಿಕ್ಕಿತು. ಕಾಡು ಕಡಿದು ಇಲ್ಲಿ ನೆಲೆನಿಂತ ನಮ್ಮ ವಂಶದ ಮೂಲಜ್ಜಿ ಕೆಜಾಯಾಗೆ ಇಬ್ಬರು ಹೆಣ್ಣುಮಕ್ಕಳೆಂದು ಬೈಬಲಿನಲ್ಲಿದೆ. ೧೭೯೮ರ ಕೋರ್ಟಿನ ಆದೇಶದ ಪ್ರಕಾರ ಕಿರಿಯವಳಾದ ತಬಿತಾ ಮಗಳೇ ಅಲ್ಲ. ಕೋರ್ಟು ಮನೆಗೆಲಸಕ್ಕೆಂದು ಒಪ್ಪಿಸಿದ್ದ ಅನಾಥೆ. ನೀನು ಹಿರಿಯವಳ ಕುಡಿ. ನಾನು ತಬಿತಾಳ ಕುಡಿ.

ಯಾರಿಗೂ ಹೇಳದೆ ದಫ್ತರ ಮುಚ್ಚಿಬಿಡೋಣ ಎನಿಸಿತು. ದಾಖಲೆ ನೋಡಿಕೊಳ್ಳುವ ಓಪಲ್, "ಮುಂದಿನ ಪುಟಾನೂ ಓದಮ್ಮ, ಅರ್ಧಕ್ಕೇ ಯಾಕೆ ಏಳ್ತೀಯ?" ಎಂದಳು. ಆ ಪುಟದಲ್ಲಿ, ಮೂರು ವರ್ಷದ ಮೇಲೆ ಬೇರೊಬ್ಬ ಜಮೀನುದಾರ ತಬಿತಾಳನ್ನು ತನ್ನ ಮನೆಗೆಲಸಕ್ಕೆ ಕೇಳಿದ್ದಾನೆ. ಕೆಜಾಯಾ ಎರಡು ದಿನ ಕುದುರೆಯ ಮೇಲೆ ಬಂದು ನ್ಯಾಯಾಧೀಶರ ಎದುರು ನಿಂತಿದ್ದಾಳೆ. ಅವಳ ಮಾತನ್ನು ಗುಮಾಸ್ತ ಬರೆದಿಟ್ಟಿದ್ದಾನೆ: "ಇವ್ಳು ನನ್ನ ಮಗ್ಳು. ಮನೆಗೆ ಹೋಗಿ ಬೈಬಲ್‌ನಲ್ಲಿ ಬರೀತೀನಿ, ಆಮೇಲೆ ಯಾರು ಕೇಳೋಕೆ ಬರ್ತಾರೋ ನೋಡ್ತೀನಿ."

ಎರಡೂ ಪುಟಗಳ ನಕಲು ಇದರೊಂದಿಗಿದೆ. ಪುಸ್ತಕದಲ್ಲಿ ನಿಜವನ್ನೇ ಹಾಕು. ತಬಿತಾಳನ್ನು ಮಾತ್ರ ಮಕ್ಕಳ ಸಾಲಿನಿಂದ ತೆಗೆಯಬೇಡ. ಅಜ್ಜಿ ಕೈಯಾರೆ ಬರೆದ ಆ ಸಾಲಿನ ಫೋಟೊ ಒಂದನ್ನು ಕಳಿಸುತ್ತೀಯಾ? ಬೈಬಲ್ ನಿನ್ನಲ್ಲೇ ಇರಲಿ. ಹೊಟ್ಟೆಕಿಚ್ಚು ಇನ್ನೂ ಇದೆ, ಸುಳ್ಳು ಹೇಳಲಾರೆ.

ಈಗಲೂ ಹಾಗೆ ಬರೆದುಕೊಳ್ಳಬಹುದಾದರೆ, ನಿನ್ನ ತಂಗಿ
ಆರ್ಡಿತ್